ರಾತ್ರಿಯ ಮಡಿಲಲ್ಲಿ ಬೆಳೆದ ಮಗು: ‘ಹೇಡೀಸ್’ ಆಟದಲ್ಲಿ ಸಾಕುತಾಯ್ತನ

ಒಲಿಂಪಿಯಾದ ಹೇರಾ ದೇವಾಲಯದಲ್ಲಿ ಸೀಡರ್ ಮರದ ಒಂದು ಪೆಟ್ಟಿಗೆಯಿತ್ತು. ಮುಂದೆ ಕೊರಿಂಥ್ ನಗರವನ್ನು ಆಳಿದ ಕಿಪ್ಸೆಲಸ್ ಹಸುಗೂಸಾಗಿದ್ದಾಗ, ಕೊಲ್ಲಬಂದವರ ಕಣ್ಣಿಗೆ ಬೀಳದಂತೆ ತಾಯಿ ಅವನನ್ನು ಬಚ್ಚಿಟ್ಟದ್ದು ಅದರಲ್ಲಿಯೇ ಎಂಬುದು ಐತಿಹ್ಯ. ಕ್ರಿ.ಶ. 2ನೆಯ ಶತಮಾನದ ಪ್ರವಾಸಿ ಪೌಸೇನಿಯಸ್ ಆ ಪೆಟ್ಟಿಗೆಯ ಮೇಲಿನ ಒಂದು ಚಿತ್ರವನ್ನು ವಿವರಿಸಿದ್ದಾನೆ. ಒಬ್ಬ ಸ್ತ್ರೀಯ ಬಲತೋಳಿನಲ್ಲಿ ನಿದ್ರಿಸುತ್ತಿರುವ ಬಿಳಿಯ ಮಗು. ಎಡತೋಳಿನಲ್ಲಿ ನಿದ್ರಿಸುವಂತೆ ತೋರುವ ಕಪ್ಪು ಮಗು. ಮಕ್ಕಳು ನಿದ್ರೆ ಮತ್ತು ಮೃತ್ಯು, ಅವಳು ರಾತ್ರಿ. ಹೆಸಿಯಡ್‌ನ ‘ಥಿಯಾಗನಿ’ಯಲ್ಲಿ ರಾತ್ರಿಯು ಈ ಇಬ್ಬರನ್ನೂ ಹೆತ್ತವಳು. ಪೌಸೇನಿಯಸ್ ಅವಳನ್ನು ಕರೆಯುವುದು ಇಬ್ಬರ ದಾದಿಯೆಂದು. ಹೆರುವವಳಿಗೂ ಸಾಕುವವಳಿಗೂ ನಡುವಿನ ಗೆರೆ ಅಲ್ಲಿಯೇ ಮಸುಕಾಗಿದೆ.

ಅಮೆರಿಕದ ಸೂಪರ್‌ಜೈಂಟ್ ಗೇಮ್ಸ್ ಸಂಸ್ಥೆ 2020ರಲ್ಲಿ ಪೂರ್ಣರೂಪದಲ್ಲಿ ಹೊರತಂದ ‘ಹೇಡೀಸ್’ ಎಂಬ ವಿಡಿಯೋ ಗೇಮ್ ಇದೇ ರಾತ್ರಿದೇವತೆ ನಿಕ್ಸಳನ್ನು ಸಾಕುತಾಯಿಯ ಸ್ಥಾನದಲ್ಲಿ ನಿಲ್ಲಿಸಿದೆ. ಪಾತಾಳದೊಡೆಯ ಹೇಡೀಸನ ಮಗ ಜಾಗ್ರಿಯಸ್ ನಿಕ್ಸಳನ್ನೇ ಹೆತ್ತ ತಾಯಿಯೆಂದು ನಂಬಿ ಬೆಳೆದವನು. ತನ್ನ ತಾಯಿ ಪರ್ಸೆಫೊನಿ ಎಂದು ತಿಳಿದ ಮೇಲೆ ಅವಳನ್ನು ಹುಡುಕಿಕೊಂಡು ಪಾತಾಳದಿಂದ ಪಾರಾಗಲು ಯತ್ನಿಸುತ್ತಾನೆ. ಪ್ರತಿ ಸೋಲೂ ಒಂದು ಸಾವು. ಪ್ರತಿ ಸಾವೂ ಅವನನ್ನು ತಂದೆಯ ಮನೆಗೇ ಮರಳಿಸುತ್ತದೆ. ಮರಳಿದಾಗಲೆಲ್ಲ ಮನೆಯವರೊಡನೆ ಒಂದೆರಡು ಮಾತು. ಕುಟುಂಬದ ಕಥೆ ಹೀಗೆ ತುಣುಕುತುಣುಕಾಗಿ, ಸೋಲುಗಳ ನಡುವಿನ ಬಿಡುವಿನಲ್ಲಿ ಬಿಚ್ಚಿಕೊಳ್ಳುತ್ತದೆ.

ಗ್ರೀಕ್ ಆಕರಗಳಲ್ಲಿ ಜಾಗ್ರಿಯಸ್ ಅಸ್ಪಷ್ಟ ವ್ಯಕ್ತಿ. ಆರ್ಫಿಕ್ ಪರಂಪರೆಯ ಕಥೆಯಲ್ಲಿ ಅವನು ಸ್ಯೂಸ್ ಮತ್ತು ಪರ್ಸೆಫೊನಿಯರ ಮಗನಾದ ಡಯೊನೈಸಸ್; ಟೈಟನರು ಸೀಳಿಹಾಕಿದ ಶಿಶು. ಈಸ್ಕಿಲಸ್‌ನ ಅಳಿದುಳಿದ ತುಣುಕುಗಳಲ್ಲಿ ಮಾತ್ರ ಅವನಿಗೆ ಹೇಡೀಸನೊಡನೆ ನಂಟು ಕಾಣುತ್ತದೆ. ಆಟದ ಕರ್ತೃಗಳು ಈ ಎಳೆಯನ್ನೇ ಹಿಡಿದು ಬೆಳೆಸಿದ್ದಾರೆ. ಅವರ ಕಥೆಯಲ್ಲಿ ಹೇಡೀಸನಿಗೆ ಉತ್ತರಾಧಿಕಾರಿ ಹುಟ್ಟುವುದಿಲ್ಲವೆಂದು ವಿಧಿದೇವತೆಗಳು ನುಡಿದಿರುತ್ತಾರೆ. ಅದರಂತೆ ಮಗು ಉಸಿರಿಲ್ಲದೆ ಹುಟ್ಟುತ್ತದೆ. ಪರ್ಸೆಫೊನಿ ಶೋಕದಿಂದ ಮನೆ ತೊರೆಯುತ್ತಾಳೆ. ಆಮೇಲೆ ನಿಕ್ಸ್ ತನ್ನ ಶಕ್ತಿಯಿಂದ ಮಗುವಿಗೆ ಜೀವ ತುಂಬುತ್ತಾಳೆ. ಸುದ್ದಿ ಮಾತ್ರ ತಾಯಿಗೆ ಮುಟ್ಟುವುದಿಲ್ಲ. ಆ ಮನೆಯಲ್ಲಿ ಪರ್ಸೆಫೊನಿಯ ಹೆಸರನ್ನೆತ್ತುವುದೇ ನಿಷಿದ್ಧ.

ಜೈನ ಸಾಹಿತ್ಯವನ್ನು ಬಲ್ಲವರಿಗೆ ಇಲ್ಲಿ ಜೀವಂಧರನ ನೆನಪಾಗದಿರದು. ಭಾಸ್ಕರ ಕವಿ 1424ರಲ್ಲಿ ಕನ್ನಡಕ್ಕೆ ತಂದ ಆ ಕಥೆಯಲ್ಲಿ, ರಾಜ್ಯ ಕಳೆದುಕೊಂಡ ರಾಣಿ ವಿಜಯೆ ಮಗುವನ್ನು ಹೆರುವುದು ಸ್ಮಶಾನದಲ್ಲಿ. ಸತ್ತ ತನ್ನ ಶಿಶುವನ್ನು ಅಲ್ಲಿಗೆ ತಂದ ವೈಶ್ಯ ಗಂಧೋತ್ಕಟನಿಗೆ ಜೀವಂತ ಶಿಶು ದೊರೆಯುತ್ತದೆ. ಬದುಕಿದ್ದ ಮಗುವನ್ನೇ ಸತ್ತಿತೆಂದೆಯಲ್ಲ ಎಂದು ಹೆಂಡತಿ ಸುನಂದೆಯನ್ನು ಆಕ್ಷೇಪಿಸುತ್ತ ಅವನು ಅದನ್ನು ಅವಳ ಮಡಿಲಿಗಿಡುವುದನ್ನು ಸಂಸ್ಕೃತ ಕಾವ್ಯ ‘ಕ್ಷತ್ರಚೂಡಾಮಣಿ’ ಹೇಳುತ್ತದೆ. ಒಂದು ಸಾವು, ಒಂದು ಮರೆಮಾಚುವಿಕೆ, ಅದರ ನೆರಳಿನಲ್ಲಿ ಬೆಳೆವ ವಾತ್ಸಲ್ಯ: ಎರಡೂ ಕಥೆಗಳ ನೆಲಗಟ್ಟು ಇದೇ. ಆದರೆ ಸುನಂದೆಯ ಪ್ರೀತಿ ಅರಿಯದೆ ಹರಿದದ್ದು. ಅವಳ ಮಟ್ಟಿಗೆ ಅದು ಹೆತ್ತ ಮಗುವೇ. ನಿಕ್ಸ್ ಎಲ್ಲವನ್ನೂ ಬಲ್ಲಳು. ಬಲ್ಲವಳಾಗಿ ಸಾಕಿದಳು, ಬಲ್ಲವಳಾಗಿ ಮೌನವಾಗಿದ್ದಳು. ಆದುದರಿಂದ ಅವಳ ತಾಯ್ತನಕ್ಕೆ ಸುನಂದೆಗಿಲ್ಲದ ಒಂದು ಹೊಣೆ ಅಂಟಿಕೊಂಡಿದೆ: ಮಗುವಿಗೆ ಸತ್ಯವನ್ನು ಒಪ್ಪಿಸುವ ಹೊಣೆ.

ಆ ಹೊಣೆಯನ್ನು ಅವಳು ತಡವಾಗಿ ನಿರ್ವಹಿಸುತ್ತಾಳೆ. ಆಟವು ಈ ವಿಳಂಬವನ್ನು ಮುಚ್ಚಿಡುವುದಿಲ್ಲ. ಜಾಗ್ರಿಯಸ್‌ನ ನೋವೂ ಪ್ರಶ್ನೆಗಳೂ ಸಕಾರಣವೆಂದೇ ಕಾಣುತ್ತವೆ. ಆದರೆ ಹೆತ್ತವಳನ್ನು ಹುಡುಕಹೊರಟ ಮಗನಿಗೆ ಮೊದಲು ನೆರವಾಗುವವಳೂ ನಿಕ್ಸಳೇ. ಶಕ್ತಿ ನೀಡುವ ಕನ್ನಡಿಯನ್ನು ಅವನ ಕೋಣೆಯಲ್ಲಿರಿಸುತ್ತಾಳೆ. ಒಲಿಂಪಸ್‌ನ ದೇವತೆಗಳ ಸಹಾಯ ದೊರೆಯುವಂತೆ ಮಾಡುತ್ತಾಳೆ. ತನ್ನನ್ನು ಬಿಟ್ಟುಹೋಗುವ ದಾರಿಗೆ ತಾನೇ ಬೆಳಕು ಹಿಡಿಯುವುದು ಸಾಕುತಾಯ್ತನದ ಅತ್ಯಂತ ಕಠಿನ ಪರೀಕ್ಷೆ. ಇತ್ತ ಭೂಮಿಯ ಮೇಲೆ ಪರ್ಸೆಫೊನಿಯನ್ನು ಕಂಡ ಜಾಗ್ರಿಯಸ್ ಅಲ್ಲಿ ಹೆಚ್ಚು ಹೊತ್ತು ಬದುಕಲಾರ. ಸತ್ತಿತೆಂದು ತಿಳಿದಿದ್ದ ಮಗ ಅವಳಿಗೆ ದೊರೆಯುವುದು ಕೆಲವೇ ಕ್ಷಣಗಳ ಮಟ್ಟಿಗೆ. ಮತ್ತೆ ಸತ್ತು ಅವನು ಮರಳುವುದು ನಿಕ್ಸ್ ಇರುವ ಮನೆಗೆ. ಮುಂದೆ ಪರ್ಸೆಫೊನಿಯೂ ಆ ಮನೆಗೆ ಹಿಂತಿರುಗುತ್ತಾಳೆ. ಅಲ್ಲಿಯೂ ಇಬ್ಬರು ತಾಯಂದಿರ ನಡುವೆ ಮಗನಿಗಾಗಿ ಜಗ್ಗಾಟವಿಲ್ಲ. ಇನ್ನೊಂದೆಡೆ, ನಿಕ್ಸ್ ತನ್ನ ಜನಕಶಕ್ತಿಯಾದ ಕೇಯಾಸ್‌ನಿಂದ ದೂರವಾಗಿರುತ್ತಾಳೆ. ಆ ಮುರಿದ ನಂಟನ್ನು ಬೆಸೆಯುವವನು ಅವಳು ಸಾಕಿದ ಮಗ. ಋಣವು ಎರಡೂ ದಿಕ್ಕಿಗೆ ಹರಿಯುತ್ತದೆ.

2025ರಲ್ಲಿ ಪೂರ್ಣಗೊಂಡ ‘ಹೇಡೀಸ್ 2’ ಇದೇ ವಸ್ತುವನ್ನು ಇನ್ನಷ್ಟು ಕಠೋರವಾಗಿ ನೋಡುತ್ತದೆ. ಕ್ರೋನಸ್ ಮನೆಯನ್ನು ವಶಪಡಿಸಿಕೊಂಡಾಗ ಹಸುಗೂಸಾದ ಮೆಲಿನೋಯಿಯನ್ನು ಪಾರುಮಾಡಿ ಬೆಳೆಸುವವಳು ಹೆಕಟಿ. ಈ ಕಲ್ಪನೆಗೆ ಪ್ರಾಚೀನ ಆಧಾರವುಂಟು. ಹೆಸಿಯಡ್ ಹೆಕಟಿಯನ್ನು ಎಳೆಯರ ಪೋಷಕಿಯೆಂದು ಕರೆದಿದ್ದಾನೆ. ಡಿಮೀಟರ್‌ಗೆ ಸಂದ ಹೋಮರಿಕ್ ಸ್ತೋತ್ರದಲ್ಲಿ, ಅಪಹೃತೆ ಪರ್ಸೆಫೊನಿಯ ಕೂಗನ್ನು ಗುಹೆಯಿಂದ ಕೇಳಿದವಳು, ಕೊನೆಗೆ ಅವಳ ಸಹಚರಿಯಾದವಳು ಈಕೆಯೇ. ಆ ತಾಯಿಯ ಮಗಳು ಇವಳ ಆಸರೆಯಲ್ಲಿ ಬೆಳೆಯುವುದು ಉಚಿತವಾಗಿಯೇ ಇದೆ.

ಮೆಲಿನೋಯಿ ಹೆಕಟಿಯನ್ನು ತಾಯಿಯೆಂದಲ್ಲ, ಗುರುವೆಂದು ಸಂಬೋಧಿಸುತ್ತಾಳೆ. ಹೆತ್ತವರನ್ನು ಬಿಡಿಸಲು ಪಾತಾಳಕ್ಕೆ ಹೊರಟ ಅವಳ ದಾರಿಯಲ್ಲಿ ಮೊದಲು ಎದುರಾಗಿ ಕಾದುವವಳು ಆ ಗುರುವೇ. ಸಾಕಿದವಳನ್ನು ಗೆಲ್ಲದೆ ಹೆತ್ತವರತ್ತ ಒಂದು ಹೆಜ್ಜೆಯೂ ಇಲ್ಲ. ನಿಕ್ಸ್ ಬಾಗಿಲು ತೆರೆದಳು. ಹೆಕಟಿ ಬಾಗಿಲಲ್ಲಿ ನಿಂತು, ಸೋತು, ದಾರಿ ಬಿಡುತ್ತಾಳೆ. ಸೋತ ಆ ಗಳಿಗೆಯಲ್ಲಿಯೇ ಅವಳು ಸಾಕಿದ್ದು ಸಾರ್ಥಕವಾಗುತ್ತದೆ.