ಮಂಚದ ಕೆಳಗಿನ ಗುಂಯ್

ಅಮೆರಿಕದಲ್ಲಿ ಆರ್‌ವಿ ಎಂಬ ಮನೆಗಾಡಿ ಓಡಿಸಿಕೊಂಡು ಊರೂರು ಸುತ್ತುವ ನನ್ನಂಥವರಿಗೆ ಕಣ್ತುಂಬ ನೋಡುವ ಜಾಗಗಳು ಬೇಕಾದಷ್ಟಿವೆ. ಆದರೂ ಮಂಚದ ಹಲಗೆ ಎತ್ತಿ, ತಲೆಗೆ ಟಾರ್ಚ್ ಕಟ್ಟಿಕೊಂಡು, ವೈರುಗಳ ಮುಂದೆ ಕೂರುವ ಸುಖ ನನಗೆ ಯಾವ ಕಣಿವೆಯ ಅಂಚಿನಲ್ಲೂ ಸಿಕ್ಕಿಲ್ಲ. ಹೆಂಡತಿ ಇದನ್ನು ಒಪ್ಪುವುದಿಲ್ಲ. ಆದರೆ ಟ್ರಾನ್ಸ್‌ಫರ್ ಸ್ವಿಚ್ಚಿನ ಸದ್ದನ್ನು ಮೊದಲು ಹಿಡಿದವಳು ಅವಳೇ. “ರೀ, ದಿಂಬಿಗೆ ಕಿವಿ ಇಟ್ಟರೆ ಗುಂಯ್ ಅಂತಿದೆ, ಕೇಳಿ” ಅಂದಳು.

ಟ್ರಾನ್ಸ್‌ಫರ್ ಸ್ವಿಚ್ಚೆಂದರೆ ನಮ್ಮ ಕಡೆಯ ಚೇಂಜ್‌ಓವರ್ ಸ್ವಿಚ್ಚೇ. ಕೈ ಹಾಕಬೇಕಿಲ್ಲ, ತಾನೇ ಬದಲಾಗುತ್ತದೆ. ಕ್ಯಾಂಪಿನ ಕಂಬದ ಕರೆಂಟು ಒಂದು ಕಡೆ, ಜನರೇಟರಿನದು ಇನ್ನೊಂದು ಕಡೆ. ಜನರೇಟರ್ ಶುರುವಾದರೆ ಅದರ ವೇಗ ಹದಕ್ಕೆ ಬರಲೆಂದು ಅರ್ಧ ನಿಮಿಷದಷ್ಟು ಕಾದು, ಟಕ್ ಎಂದು ಆ ಕಡೆಗೆ ಹೋಗುತ್ತದೆ. ಫೇಸ್ ಜೊತೆಗೆ ನ್ಯೂಟ್ರಲನ್ನೂ ಬದಲಿಸುತ್ತದೆ. ಕಂಬದ ಕರೆಂಟಿನಲ್ಲಿ ನ್ಯೂಟ್ರಲ್ಲೂ ಅರ್ತೂ ಸೇರುವುದು ಗಾಡಿಯ ಹೊರಗೆ, ಜನರೇಟರಿನಲ್ಲಿ ಅದರ ಹತ್ತಿರವೇ. ಎರಡೂ ಕಡೆಯ ನ್ಯೂಟ್ರಲ್ ಬೆರೆತರೆ ಗಾಡಿಯ ಮೈಯಲ್ಲೇ ಕರೆಂಟು ಹರಿಯಲು ದಾರಿಯಾಗುತ್ತದೆ.

ಸದ್ದು ಒಳಗಿನ ಕಾಂಟ್ಯಾಕ್ಟರಿನದು. ತೋಟದ ಪಂಪ್‌ಸೆಟ್ ಸ್ಟಾರ್ಟರ್ ಎದುರು ನಿಂತವರಿಗೆಲ್ಲ ಈ ದನಿ ಗೊತ್ತು. ಎ.ಸಿ. ಕಾಯಿಲ್ ಕಬ್ಬಿಣವನ್ನು ಒಂದೇ ಸಮ ಎಳೆಯುವುದಿಲ್ಲ. ಇಲ್ಲಿನ 60 ಹರ್ಟ್ಸ್ ಕರೆಂಟು ಸೆಕೆಂಡಿಗೆ 120 ಸಲ ಸೊನ್ನೆ ಮುಟ್ಟುತ್ತದೆ, ಮುಟ್ಟಿದಾಗಲೆಲ್ಲ ಎಳೆತ ಸಡಿಲ. ನಮ್ಮೂರಿನ 50 ಹರ್ಟ್ಸಿಗೆ ಅದು 100 ಸಲ. ಹಾಗಾಗಿ ಇಲ್ಲಿಯ ಗುಂಯ್ ತುಸು ಏರುದನಿ. ಆ ಸಡಿಲವನ್ನು ತುಂಬಲೆಂದೇ ಕಬ್ಬಿಣದ ಮುಖದಲ್ಲಿ ಶೇಡಿಂಗ್ ರಿಂಗ್ ಎಂಬ ತಾಮ್ರದ ಸಣ್ಣ ಉಂಗುರ ಕೂರಿಸಿರುತ್ತಾರೆ. ಮುಖದ ಒಂದು ಭಾಗದ ಕಾಂತಶಕ್ತಿಯನ್ನು ಅದು ಕೊಂಚ ತಡಮಾಡುತ್ತದೆ. ಒಂದು ಭಾಗ ಕೈಬಿಟ್ಟ ಗಳಿಗೆಯಲ್ಲಿ ಇನ್ನೊಂದು ಹಿಡಿದಿರುತ್ತದೆ. ಇಷ್ಟು ಚಿಕ್ಕ ತುಂಡಿನಲ್ಲಿ ಇಷ್ಟು ಬುದ್ಧಿ ಇಟ್ಟವರಿಗೆ ನಾನು ಕೈಮುಗಿಯುತ್ತೇನೆ. ಕೆಲವು ಪೆಟ್ಟಿಗೆಗಳಲ್ಲಿ ಕಾಯಿಲ್‌ಗೆ ಡಿ.ಸಿ. ಕೊಡುವ ಬೋರ್ಡ್ ಇರುತ್ತದೆ. ಅಲ್ಲಿ ಡಯೋಡ್ ಹೋದರೂ ಗುಂಯ್ ಏಳುತ್ತದೆ. ನಮ್ಮದು ಅಂಥದ್ದಲ್ಲ.

ಕಂಬದ ಪ್ಲಗ್ ಕಿತ್ತೆ, ಜನರೇಟರಿನ ಆಟೋಸ್ಟಾರ್ಟ್ ಬಂದ್ ಮಾಡಿದೆ, ಇನ್ವರ್ಟರ್ ಆರಿಸಿದೆ. ಮುಚ್ಚಳ ತೆಗೆದು ಪ್ರತಿ ಟರ್ಮಿನಲ್‌ಗೂ ಮೀಟರ್ ಇಟ್ಟು, ಸೊನ್ನೆ ಕಂಡ ಮೇಲೇ ಕೈ ಹಾಕಿದ್ದು. ಕಾಂಟ್ಯಾಕ್ಟರ್ ಬಿಚ್ಚಿದರೆ ಕಬ್ಬಿಣದ ಮುಖದ ಮೇಲೆ ಅರಿಜೋನಾದ ಧೂಳು ಕಂದು ಪದರವಾಗಿ ಕೂತಿತ್ತು, ಅಂಚಿನಲ್ಲಿ ಒಂದೆರಡು ತುಕ್ಕಿನ ಚುಕ್ಕೆ. ಕೂದಲೆಳೆಯಷ್ಟು ಸಂದಿದ್ದರೂ ಮುಖಗಳು ಕೂಡದೆ ಕಬ್ಬಿಣ ನಡುಗುತ್ತದೆ. ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ನಿಧಾನವಾಗಿ ಒರೆಸಿದೆ, ಕೆಳಗಿನ ಲೋಹ ಮಿಂಚುವವರೆಗೂ. ಸ್ಯಾಂಡ್‌ಪೇಪರ್ ಬೇಡ, ಆ ಮುಖವನ್ನು ಅಳತೆಗೆ ಅರೆದಿರುತ್ತಾರೆ. ಎಣ್ಣೆಯೂ ಬೇಡ, ಅಂಟಿಕೊಂಡು ಕೂರುತ್ತದೆ. ಉಂಗುರವನ್ನು ಭೂತಗನ್ನಡಿಯಲ್ಲಿ ನೋಡಿದೆ, ಬಿರುಕಿರಲಿಲ್ಲ. ರಸ್ತೆಯ ಕುಲುಕಾಟಕ್ಕೆ ಸಡಿಲಾಗಿದ್ದ ಟರ್ಮಿನಲ್ ಸ್ಕ್ರೂಗಳನ್ನು ಟಾರ್ಕ್ ಸ್ಕ್ರೂಡ್ರೈವರಿನಿಂದ ಅಳತೆಗೆ ಬಿಗಿದೆ. 50 ಆಂಪ್ ಹರಿಯುವ ಕಡೆ ಸಡಿಲ ಸ್ಕ್ರೂ ಕಾದು ವೈರನ್ನೇ ಸುಡಬಲ್ಲದು. ಮಂಚದಡಿಯ ಪ್ಲೈವುಡ್ ಸಣ್ಣ ನಡುಕವನ್ನೂ ತಂಬೂರಿಯ ಬುರುಡೆಯಂತೆ ಹಿಗ್ಗಿಸುವುದರಿಂದ ಪೆಟ್ಟಿಗೆಯ ಅಡಿಗೆ ರಬ್ಬರ್ ವಾಷರ್ ಕೊಟ್ಟೆ. ಪ್ಲಗ್ ಹಾಕಿದರೆ ಟಕ್ ಎಂದು ಕೂತಿತು, ಗುಂಯ್ ಹೋಗಿತ್ತು.

ಜನರೇಟರ್ ಇಲ್ಲದವರು ಸ್ವಿಚ್ಚನ್ನೇ ತೆಗೆದು, ವೈರುಗಳನ್ನು ಜಂಕ್ಷನ್ ಬಾಕ್ಸಿನಲ್ಲಿ ಕೂಡಿಸುವುದುಂಟು. ಅದು ಸರಿಯಾದ ದಾರಿಯೇ. ಜನರೇಟರ್ ಇದ್ದವರು ಮಾತ್ರ ಎರಡೂ ಲೈನನ್ನು ಒಂದೆಡೆ ಕಟ್ಟಲೇಬೇಡಿ. ಕರೆಂಟು ಕಂಬಕ್ಕೆ ಹಿಂದಿರುಗಿ ಹರಿದರೆ ಲೈನಿನಲ್ಲಿ ಕೆಲಸ ಮಾಡುವವನ ಪ್ರಾಣಕ್ಕೆ ಕುತ್ತು. ಉಂಗುರ ಒಡೆದಿದ್ದರೆ, ಪಾಯಿಂಟು ಸುಟ್ಟಿದ್ದರೆ ಕಾಂಟ್ಯಾಕ್ಟರ್ ಬದಲಿಸಿ. ಇಲ್ಲವಾದರೆ ಇಡೀ ಪೆಟ್ಟಿಗೆಗೆ ದುಡ್ಡು ಸುರಿಯುವ ಮೊದಲು ಒಮ್ಮೆ ಆ ಮುಖ ಒರೆಸಿ ನೋಡಿ.