ಕವಳಿ ಹಣ್ಣು, ಕಾಸರಕದ ಹಣ್ಣು

ಮಕ್ಕಳೇ, ಬೇಸಿಗೆಯಲ್ಲಿ ನಿಮ್ಮ ಊರಿನ ಗುಡ್ಡದಲ್ಲಿ ಯಾವ ಯಾವ ಹಣ್ಣು ಸಿಗುತ್ತವೆ? ಅಂಗಡಿಯಲ್ಲಿ ತೂಕ ಮಾಡಿ ಕೊಡುವ ಹಣ್ಣಲ್ಲ, ನೀವೇ ಕೈಯಾರೆ ಕೊಯ್ದು ಅಲ್ಲೇ ನಿಂತು ತಿನ್ನುವ ಹಣ್ಣು. ನೇರಳೆ, ಮುರುಗಲು, ಬಿಳಿಮುಳ್ಳೆ, ಕವಳಿ... ಹತ್ತು ಹೆಸರು ಬರೆಯಲು ಆದೀತೇ? ಒಮ್ಮೆ ಪ್ರಯತ್ನಿಸಿ ನೋಡಿ.

ನನ್ನ ಪಟ್ಟಿಯಲ್ಲಿ ಕವಳಿಗೆ ಮೊದಲ ಸ್ಥಾನ. ದಕ್ಷಿಣ ಕನ್ನಡದವರು ಇದನ್ನೇ ಕರಂಡೆ ಎನ್ನುತ್ತಾರೆ. ನನ್ನ ಅಜ್ಜನಮನೆ ಹೊನ್ನಾವರ ತಾಲೂಕಿನ ಕಾಸರಕೋಡದಲ್ಲಿ. ಶರಾವತಿ ನದಿ ಸಮುದ್ರ ಸೇರುವ ಜಾಗದ ದಕ್ಷಿಣ ದಂಡೆಯ ಊರು ಅದು. ಅಲ್ಲಿನ ಕಡಲತೀರಕ್ಕೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಈಗ ಕಾಸರಕೋಡ ಎಂದರೆ ಎಲ್ಲರಿಗೂ ನೆನಪಾಗುವುದು ಕಡಲು. ಆದರೆ ಬೇಸಿಗೆ ರಜೆಗೆ ಹೋದ ನಾವು ಮಕ್ಕಳು ಕಡಲಿಗೆ ಬೆನ್ನು ಹಾಕಿ ಪೂರ್ವದ ಗುಡ್ಡಗಳ ಕಡೆ ಓಡುತ್ತಿದ್ದೆವು. ಕೆಂಪು ಚಿರೇಕಲ್ಲಿನ ಗುಡ್ಡಗಳವು. ಮಣ್ಣು ತೆಳು, ಬಿಸಿಲು ಜೋರು. ಹುಲ್ಲೆಲ್ಲ ಒಣಗಿ ಹೋಗಿರುವಾಗಲೂ ಕವಳಿಯ ಪೊದೆ ಮಾತ್ರ ಹಸಿರಾಗಿ ಹೊಳೆಯುತ್ತಿತ್ತು.

ಕವಳಿ ಕೊಯ್ಯಲು ಅವಸರ ಮಾಡುವಂತಿಲ್ಲ. ಮುಳ್ಳು ಬಿಡುವುದಿಲ್ಲ. ಎರಡೆರಡಾಗಿ ಎದುರುಬದುರು ಇರುವ ಚೂಪಾದ ಮುಳ್ಳುಗಳವು, ಕೆಲವು ತುದಿಯಲ್ಲಿ ಕವಲೊಡೆದಿರುತ್ತವೆ. ಅಂಗಿ ಸಿಕ್ಕಿಕೊಂಡರೆ ಎಳೆಯಬಾರದು, ಒಂದು ಹೆಜ್ಜೆ ಹಿಂದೆ ಬಂದು ಬಿಡಿಸಿಕೊಳ್ಳಬೇಕು. ಇದನ್ನು ಹೇಳಿಕೊಟ್ಟವರು ನನ್ನ ಅತ್ತೆ, ಅಂದರೆ ಸೋದರಮಾವನ ಹೆಂಡತಿ. ಎಲೆಯಿಂದ ಕೊಟ್ಟೆ ಮಾಡಿ ನಮ್ಮ ಕೈಗೆ ಕೊಡುತ್ತಿದ್ದರು. “ಕಪ್ಪು ಆದದ್ದು ಮಾತ್ರ ಕೊಯ್ಯಿ ತಮಾ, ಕೆಂಪಿದ್ದದ್ದು ನಾಳೆಗೆ ಇರಲಿ” ಎನ್ನುತ್ತಿದ್ದರು.

ನಾಳೆಗೆ ಏಕೆ? ಒಂದೇ ಗೊಂಚಲನ್ನು ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ. ಅದರಲ್ಲಿ ಒಂದು ಕಾಯಿ ಹಸಿರು, ಇನ್ನೊಂದು ಗುಲಾಬಿ, ಮತ್ತೊಂದು ಕಪ್ಪು. ಮಲ್ಲಿಗೆಯಂತೆ ಕಾಣುವ ಅದರ ಬಿಳಿ ಹೂಗಳು ಒಂದೇ ದಿನ ಅರಳಿರುವುದಿಲ್ಲ, ಹಾಗಾಗಿ ಕಾಯಿಗಳೂ ಒಂದೇ ದಿನ ಹಣ್ಣಾಗುವುದಿಲ್ಲ. ಗಿಡಕ್ಕೆ ಇದರಿಂದ ಲಾಭವೇ ಇದೆ. ಹಣ್ಣೆಲ್ಲ ಒಂದೇ ದಿನ ಮಾಗಿದರೆ ಹಕ್ಕಿಗಳು ಒಂದು ದಿನ ಬಂದು ಹೋಗುತ್ತವೆ. ದಿನಕ್ಕಿಷ್ಟು ಮಾಗಿದರೆ ವಾರಗಟ್ಟಲೆ ಬರುತ್ತವೆ, ಬೀಜಗಳನ್ನು ಬೇರೆ ಬೇರೆ ಕಡೆ ಹಾಕುತ್ತವೆ.

ಹೀಗೆ ಒಂದೊಂದಾಗಿ ಆರಿಸಿ ಕೊಯ್ಯಬೇಕಾದ ದ್ರಾಕ್ಷಿಯೂ ಒಂದಿದೆ! ವಿಜಯಪುರದ ತೋಟಗಳಲ್ಲಿ ದ್ರಾಕ್ಷಿಯನ್ನು ಇಡೀ ಗೊಂಚಲಾಗಿ ಕತ್ತರಿಯಿಂದ ಕತ್ತರಿಸುತ್ತಾರೆ. ಆದರೆ ಅಮೆರಿಕದ ಆಗ್ನೇಯ ಭಾಗದ ಮಸ್ಕಡೈನ್ ಎಂಬ ದ್ರಾಕ್ಷಿ ಹಾಗಲ್ಲ. ಅದರ ಗೊಂಚಲು ಚಿಕ್ಕದು, ಹಣ್ಣು ದೊಡ್ಡದು, ಸಿಪ್ಪೆ ದಪ್ಪ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಬೆರಳಲ್ಲಿ ಒತ್ತಿದರೆ ತಿರುಳು ಜಾರಿ ಬಾಯಿಗೆ ಬರುತ್ತದಲ್ಲ, ಇದನ್ನೂ ಹಾಗೆಯೇ ತಿನ್ನುತ್ತಾರೆ. ಗೊಂಚಲಿನಲ್ಲಿ ಕವಳಿಯಂತೆಯೇ ಹಿಂದೆ ಮುಂದೆ ಮಾಗುತ್ತದೆ. ಅಲ್ಲಿನ ಕೆಲವು ರೈತರು ಬೇಸಿಗೆಯ ಕೊನೆಯಲ್ಲಿ ತೋಟದ ಬಾಗಿಲು ತೆರೆದಿಡುತ್ತಾರೆ. ಜನ ಮನೆಮಂದಿಯೊಂದಿಗೆ ಬಂದು ಬಕೆಟ್ ಹಿಡಿದು ತಾವೇ ಕೊಯ್ದು, ತೂಕಕ್ಕೆ ತಕ್ಕ ಹಣ ಕೊಟ್ಟು ಒಯ್ಯುತ್ತಾರೆ. ನಮ್ಮ ಗುಡ್ಡದಲ್ಲಿ ತೂಕವೂ ಇರಲಿಲ್ಲ, ಹಣವೂ ಇರಲಿಲ್ಲ. ಮುಳ್ಳು ಗೀರಿದ್ದೇ ನಾವು ಕೊಟ್ಟ ಬೆಲೆ.

ದ್ರಾಕ್ಷಿಗೆ ಇನ್ನೊಂದು ಗುಣವಿದೆ. ಬಲಿತ ಮಾವಿನಕಾಯಿಯನ್ನು ಕೊಯ್ದು ಹುಲ್ಲಿನಲ್ಲಿ ಅಡೆ ಹಾಕಿದರೆ ಹಣ್ಣಾಗುತ್ತದೆ. ಬಾಳೆ, ಚಿಕ್ಕು ಕೂಡ ಹಾಗೆಯೇ. ಕೊಯ್ದ ಮೇಲೂ ಅವು ಎಥಿಲೀನ್ ಎಂಬ ಅನಿಲವನ್ನು ಹೆಚ್ಚಾಗಿ ಹೊರಬಿಟ್ಟು ತಮ್ಮನ್ನು ತಾವೇ ಮಾಗಿಸಿಕೊಳ್ಳುತ್ತವೆ. ದ್ರಾಕ್ಷಿ ಹಾಗೆ ಮಾಡುವುದಿಲ್ಲ. ಹುಳಿ ದ್ರಾಕ್ಷಿಯನ್ನು ಕೊಯ್ದು ಎಷ್ಟು ದಿನ ಇಟ್ಟರೂ ಸಿಹಿಯಾಗದು, ಬಾಡುತ್ತದೆ ಅಷ್ಟೇ. ಗೇರುಹಣ್ಣೂ ಇದೇ ಗುಂಪಿನದು. ಹಾಗಾದರೆ ಕವಳಿ ಯಾವ ಗುಂಪಿಗೆ ಸೇರುತ್ತದೆ? ಐದು ಗುಲಾಬಿ ಬಣ್ಣದ ಕವಳಿಗಳನ್ನು ಕೊಯ್ದು ಡಬ್ಬಿಯಲ್ಲಿಡಿ. ಅದೇ ಗಿಡದಲ್ಲಿ ಇನ್ನೈದಕ್ಕೆ ದಾರ ಕಟ್ಟಿ ಬಿಡಿ. ಮೂರು ದಿನದ ನಂತರ ಎರಡರ ಬಣ್ಣವನ್ನೂ ರುಚಿಯನ್ನೂ ಹೋಲಿಸಿ ಬರೆದಿಡಿ. ಬಣ್ಣ ಬದಲಾದರೆ ರುಚಿಯೂ ಬದಲಾಗಲೇಬೇಕು ಎಂದು ಮೊದಲೇ ನಂಬಿಕೊಳ್ಳಬೇಡಿ.

ಬಣ್ಣದ ವಿಷಯ ಬಂತಲ್ಲ, ಇನ್ನೊಂದು ಮಾತು ಹೇಳಿಬಿಡುತ್ತೇನೆ. ಕವಳಿ ತಿಂದ ಕೈಯನ್ನು ಸಾಬೂನಿನಿಂದ ತೊಳೆಯುವಾಗ ಕೆಂಪು ಕಲೆ ನೀಲಿ ಕಡೆಗೆ ತಿರುಗುವುದನ್ನು ಗಮನಿಸಿ. ಮಾಗಿದ ಹಣ್ಣಿನಲ್ಲಿರುವ ಆಂಥೋಸಯಾನಿನ್ ಎಂಬ ವರ್ಣದ್ರವ್ಯದ ಆಟವಿದು. ಆಮ್ಲದಲ್ಲಿ ಅದು ಕೆಂಪು, ಪ್ರತ್ಯಾಮ್ಲದಲ್ಲಿ ನೀಲಿ ಅಥವಾ ಹಸಿರು. ಲಿಂಬೆ ರಸ ಹಿಂಡಿದರೆ ಮತ್ತೆ ಕೆಂಪು! ಲಿಟ್ಮಸ್ ಕಾಗದ ಇಲ್ಲದ ಶಾಲೆಯಲ್ಲಿ ಕವಳಿ ರಸವೇ ಸಾಕು.

ಹಸಿರು ಕಾಯಿ ಕಪ್ಪಾಗುವುದು ಒಂದು ರೀತಿಯಲ್ಲಿ ಗಿಡ ಹಾಕಿದ ಬೋರ್ಡು. ‘ಬೀಜ ಬಲಿತಿದೆ, ಹುಳಿ ಇಳಿದಿದೆ, ಬನ್ನಿ’ ಎಂದು ಅದರ ಅರ್ಥ. ಆದರೆ ಆ ಬೋರ್ಡನ್ನು ಯಾರಿಗಾಗಿ ಹಾಕಿದೆ? ಇದು ಬಹಳ ಮುಖ್ಯವಾದ ಪ್ರಶ್ನೆ.

ಚಳಿಗಾಲದ ಒಂದು ಭಾನುವಾರ ಅದೇ ಗುಡ್ಡದ ಬುಡದಲ್ಲಿ ನಾನೂ ಮಾವನ ಮಗನೂ ನಡೆಯುತ್ತಿದ್ದೆವು. ಅತ್ತೆ ಸೊಪ್ಪಿನ ಹೊರೆ ಹೊತ್ತು ಹಿಂದೆ ಬರುತ್ತಿದ್ದರು. ಒಂದು ಮರದ ಕೆಳಗೆ ಕಿತ್ತಳೆ ಬಣ್ಣದ ದುಂಡು ಹಣ್ಣುಗಳು ಬಿದ್ದಿದ್ದವು. ಸಣ್ಣ ಕಿತ್ತಳೆಯಷ್ಟೇ ಗಾತ್ರ, ನುಣುಪಾದ ಗಟ್ಟಿ ಸಿಪ್ಪೆ. ನೋಡಲು ಕವಳಿಗಿಂತ ನೂರು ಪಾಲು ಚಂದ! ಒಂದು ಹಣ್ಣನ್ನು ಹಕ್ಕಿಯೋ ಮಂಗವೋ ಒಡೆದು ತಿಂದಿತ್ತು. “ಅವು ತಿಂದಿದಾವಲ್ಲ, ನಾವೂ ತಿನ್ನಬಹುದು” ಎಂದು ಮಾವನ ಮಗ ಬಗ್ಗಿದ. ಅತ್ತೆ ಹೊರೆಯನ್ನು ಅಲ್ಲೇ ಎತ್ತಿಹಾಕಿ ಓಡಿ ಬಂದು ಅವನ ಕೈ ಹಿಡಿದುಬಿಟ್ಟರು. “ಅದು ಕಾಸರಕ!” ಅವರು ಹಾಗೆ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಕಾಸರಕ. ಊರಿನ ಹೆಸರಿನೊಳಗೇ ಕೇಳಿಸುವ ಮರ! ಇದರ ಬೀಜ ಚಪ್ಪಟೆ, ಅಂಗಿಯ ಗುಂಡಿಯಂತೆ ದುಂಡು, ಮೇಲೆ ರೇಷ್ಮೆಯಂಥ ನವಿರು ರೋಮ. ಆ ಬೀಜದಲ್ಲಿರುವ ಸ್ಟ್ರಿಕ್ನಿನ್ ಕಡು ವಿಷ. ಫ್ರಾನ್ಸಿನ ಪೆಲೆಟಿಯೇ ಮತ್ತು ಕವೆಂಟೂ ಎಂಬ ಇಬ್ಬರು ವಿಜ್ಞಾನಿಗಳು 1818ರಲ್ಲಿ ಈ ವಿಷವನ್ನು ಬೇರ್ಪಡಿಸಿದರು. ಮಲೇರಿಯಾಕ್ಕೆ ಔಷಧಿಯಾದ ಕ್ವಿನೈನನ್ನು 1820ರಲ್ಲಿ ಬೇರ್ಪಡಿಸಿದವರೂ ಇವರೇ.

ಈ ವಿಷ ಹೇಗೆ ಕೆಲಸ ಮಾಡುತ್ತದೆ ಗೊತ್ತೇ? ನಿಮ್ಮ ಮೊಣಕೈ ಮಡಚಿ ನೋಡಿ. ಮುಂಭಾಗದ ಸ್ನಾಯು ಬಿಗಿಯುವಾಗ ಹಿಂಭಾಗದ್ದು ಸಡಿಲವಾಗುತ್ತದೆ. ‘ಬಿಗಿಯಾಗು’ ಎಂಬ ಸಂದೇಶದಷ್ಟೇ ‘ಸುಮ್ಮನಿರು’ ಎಂಬ ಸಂದೇಶವೂ ಬೆನ್ನುಹುರಿಯಲ್ಲಿ ಹರಿಯುತ್ತಿರುತ್ತದೆ. ಸ್ಟ್ರಿಕ್ನಿನ್ ತಡೆಯುವುದು ‘ಸುಮ್ಮನಿರು’ ಎಂಬುದನ್ನು. ಆಗ ದೇಹದ ಸ್ನಾಯುಗಳೆಲ್ಲ ಒಟ್ಟಿಗೆ ಸೆಟೆದುಕೊಳ್ಳುತ್ತವೆ. ಉಸಿರಾಡಲು ಬೇಕಾದ ಸ್ನಾಯುಗಳೂ ಸೆಟೆದುಕೊಂಡರೆ ಪ್ರಾಣವೇ ಹೋಗಬಹುದು.

ಹಾಗಾದರೆ ಹಕ್ಕಿ ಹೇಗೆ ತಿಂದಿತು? ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆ ಹಕ್ಕಿಗಳು ಕಾಸರಕದ ಹಣ್ಣು ತಿನ್ನುವುದನ್ನು ಪಕ್ಷಿ ಅಧ್ಯಯನ ಮಾಡುವವರು ಕಂಡಿದ್ದಾರೆ. ಹಕ್ಕಿಗೆ ಹಲ್ಲಿಲ್ಲ, ಅದು ಬೀಜವನ್ನು ಅಗಿಯುವುದಿಲ್ಲ. ತಿರುಳು ಅದಕ್ಕೆ, ಬೀಜ ಇಡಿಯಾಗಿ ನೆಲಕ್ಕೆ. ನಮಗೆ ಅಗಿಯುವ ಹಲ್ಲಿದೆ, ಬೇರೆಯದೇ ದೇಹವಿದೆ. ಆದ್ದರಿಂದ ‘ಹಕ್ಕಿ ತಿಂದದ್ದನ್ನು ನಾವೂ ತಿನ್ನಬಹುದು’ ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಅಂಗಳದ ಕಣಗಿಲೆಯೂ ಗುಡ್ಡದ ಕವಳಿಯೂ ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬದವು. ಎರಡನ್ನೂ ಮುರಿದರೆ ಅಂಟು ರಸ ಒಸರುತ್ತದೆ. ಆದರೆ ಕಣಗಿಲೆ ಎಲೆಯಿಂದ ಬೇರಿನವರೆಗೂ ವಿಷ. ಬಣ್ಣ ನೋಡಿಯೂ ತಿಳಿಯದು, ಕುಲ ನೋಡಿಯೂ ತಿಳಿಯದು ಎಂದಾಯಿತು.

ಮತ್ತೆ ಹೇಗೆ ತಿಳಿಯುವುದು? ಅತ್ತೆ ಶಾಲೆಗೆ ಹೆಚ್ಚು ದಿನ ಹೋದವರಲ್ಲ. ಆದರೆ ಗಿಡವನ್ನು ತೋರಿಸುವಾಗ ಹಣ್ಣೊಂದನ್ನೇ ತೋರಿಸುತ್ತಿರಲಿಲ್ಲ. ಮುಳ್ಳು, ಎಲೆ, ಹೂವಿನ ಪರಿಮಳ, ಮುರಿದರೆ ಬರುವ ಹಾಲು, ಬೀಜ ಇವೆಲ್ಲವನ್ನೂ ನಮ್ಮಿಂದಲೇ ಹೇಳಿಸುತ್ತಿದ್ದರು. ಒಂದಾದರೂ ಹೊಂದದಿದ್ದರೆ ಬಾಯಿಗೆ ಹಾಕುವಂತಿಲ್ಲ. ಸಸ್ಯಶಾಸ್ತ್ರಜ್ಞರು ಗಿಡ ಗುರುತಿಸುವುದೂ ಸುಮಾರಾಗಿ ಹೀಗೆಯೇ. ನಮ್ಮ ಕರಾವಳಿಯ ಅನೇಕ ಗುಡ್ಡಗಳಲ್ಲಿ ಈಗ ಅಕೇಶಿಯಾ ನೆಡುತೋಪುಗಳಿವೆ. ಮುಳ್ಳುಪೊದೆ ಎಂದು ಕವಳಿಯನ್ನು ಕಡಿದು ಹಾಕುವವರೂ ಇದ್ದಾರೆ. ಕವಳಿ ಕೊಯ್ಯಲು ಹೋಗುವವರು ಕಡಿಮೆಯಾದಷ್ಟೂ ಕಾಸರಕವನ್ನು ಕಂಡ ಕೂಡಲೇ ಗುರುತಿಸಿ ಕೂಗುವವರೂ ಕಡಿಮೆಯಾಗುತ್ತಾರೆ. ನನಗೆ ಭಯವಾಗುವುದು ಇದೇ ವಿಷಯಕ್ಕೆ.

ಈ ಬೇಸಿಗೆಯಲ್ಲಿ ನೀವು ಗುಡ್ಡಕ್ಕೆ ಹೋಗುವುದಾದರೆ ಗಿಡ ಬಲ್ಲ ಹಿರಿಯರೊಬ್ಬರನ್ನು ಕರೆದುಕೊಂಡೇ ಹೋಗಿ. ಯಾರಾದರೂ ಗುರುತಿಲ್ಲದ ಹಣ್ಣನ್ನೋ ಬೀಜವನ್ನೋ ತಿಂದುಬಿಟ್ಟರೆ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಕೂಡಲೇ ದೊಡ್ಡವರಿಗೆ ತಿಳಿಸಿ, 108ಕ್ಕೆ ಫೋನ್ ಮಾಡಿಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ತಿಂದು ಉಳಿದ ಹಣ್ಣಿನ ತುಂಡು, ಒಂದೆರಡು ಎಲೆ ಇದ್ದರೆ ಕಾಗದದಲ್ಲಿ ಸುತ್ತಿ ಆಸ್ಪತ್ರೆಗೆ ಜೊತೆಯಲ್ಲೇ ಕೊಟ್ಟು ಕಳಿಸಿ. ಅದನ್ನು ನೋಡಿದರೆ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಂತೆ.