ಕೌದಿಯ ನಂಟು

ಸೋದರಿಯರೇ, ನಮ್ಮ ಪಾಮನಕಲ್ಲೂರಿಗೆ ನೀವು ಬಂದಿರಲಿಕ್ಕಿಲ್ಲ. ಮಸ್ಕಿ ತಾಲ್ಲೂಕಿನ ಊರು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಮುಗಿಲು ನೋಡುವುದೇ ಕೆಲಸ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020ರಲ್ಲಿ ರೈತರು ಇಲ್ಲಿಯೇ ಧರಣಿ ಕೂತಿದ್ದರು. ನೀರಿಗಾಗಿ ನಾವೆಷ್ಟು ಹಂಬಲಿಸಿದವರೆಂದು ಇದರಿಂದಲೇ ತಿಳಿದುಕೊಳ್ಳಿ.

ಮಸ್ಕಿ ದಾಟಿ ಸಿಂಧನೂರಿನ ಕಡೆಗೆ ಹೊರಟರೆ ನೋಟವೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವಷ್ಟು ಭತ್ತದ ಗದ್ದೆ. ಅಲ್ಲಿ ಎಷ್ಟೋ ಊರುಗಳ ಹೆಸರಿನ ಕೊನೆಗೆ ‘ಕ್ಯಾಂಪು’ ಎಂದಿರುತ್ತದೆ. ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಊರುಗಳೇ ಹೆಚ್ಚು. ಆದರೆ ಆರ್.ಎಚ್. ಕ್ಯಾಂಪುಗಳ ಕಥೆ ಬೇರೆ. ಪೂರ್ವ ಪಾಕಿಸ್ತಾನದಲ್ಲಿ ಮನೆಮಠ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರಕಾರ 1970ರ ಆಸುಪಾಸಿನಲ್ಲಿ ಅಲ್ಲಿ ನೆಲೆ ಕೊಟ್ಟಿತು. ಬರ್ಮಾದಿಂದ ಮರಳಿದವರೂ ಇದ್ದಾರೆ.

ನಿಜ ಹೇಳುತ್ತೇನೆ, ಬಹಳ ದಿನ ನನಗೊಂದು ಕಸಿವಿಸಿ ಇತ್ತು. ‘ಇಲ್ಲೇ ಹುಟ್ಟಿದ ನಮಗೆ ನೀರಿಲ್ಲ, ಎಲ್ಲಿಂದಲೋ ಬಂದವರಿಗೆ ಭೂಮಿ, ಕಾಲುವೆ ಎಲ್ಲಾ’ ಅಂತ. ಅದು ಕರಗಿದ್ದು ಮಗಳ ಹೆರಿಗೆಯಲ್ಲಿ. ಸಿಂಧನೂರಿನ ಆಸ್ಪತ್ರೆಯಲ್ಲಿ ಇಡೀ ರಾತ್ರಿ ಅವಳ ಕೈ ಹಿಡಿದು ಕೂತ ನರ್ಸಮ್ಮ ನಮ್ಮಂತೆಯೇ ಕನ್ನಡ ಮಾತಾಡುತ್ತಿದ್ದಳು. ಬೆಳಿಗ್ಗೆ ಫೋನಿನಲ್ಲಿ ತಾಯಿಯೊಂದಿಗೆ ಬಂಗಾಳಿ ಮಾತಾಡಿದಾಗಲೇ ಗೊತ್ತಾಗಿದ್ದು, ಕ್ಯಾಂಪಿನವಳೆಂದು. ‘ಸಂಕ್ರಾಂತಿಗೆ ನಮ್ಮನಿಗೆ ಬರ್ರಿ ಅಕ್ಕಾರ’ ಎಂದು ಕರೆದಳು.

ಹೋದೆ. ನಾನು ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿದ್ದೆ. ಅವರ ಮನೆಯಲ್ಲಿ ಅಕ್ಕಿಹಿಟ್ಟಿನ ತೆಳು ದೋಸೆಯೊಳಗೆ ಕಾಯಿ-ಬೆಲ್ಲದ ಹೂರಣವಿಟ್ಟು ಸುರುಳಿ ಸುತ್ತಿದ ‘ಪಿಠೆ’. ಹಬ್ಬ ಒಂದೇ, ಹೂರಣವೂ ಹೆಚ್ಚುಕಡಿಮೆ ಒಂದೇ ನೋಡಿ!

ಮಧ್ಯಾಹ್ನ ಅವರ ಗೆಳತಿಯರ ಸಂಘಕ್ಕೆ ಕರೆದೊಯ್ದಳು. ಅದಕ್ಕೆ ಬೋರ್ಡೂ ಇಲ್ಲ, ಕಟ್ಟಡವೂ ಇಲ್ಲ. ಬೇವಿನ ಮರದ ಕೆಳಗೆ ಒಂದು ಚಾಪೆ, ಅಷ್ಟೇ. ಕ್ಯಾಂಪಿನಲ್ಲಿ ಬೆಳೆದು ಓದಿ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳು ರಜೆಯ ದಿನ ಅಲ್ಲಿ ಕೂಡುತ್ತಾರೆ. ನರ್ಸಮ್ಮ ರಕ್ತದೊತ್ತಡ ನೋಡುತ್ತಾಳೆ. ಟೀಚರು ಅರ್ಜಿ ಬರೆದುಕೊಡುತ್ತಾರೆ. ಬ್ಯಾಂಕಿನ ಹುಡುಗಿ ಪಾಸ್‌ಬುಕ್ಕು ಓದಿ ಹೇಳುತ್ತಾಳೆ. ಪಕ್ಕದ ಹಳ್ಳಿಯ ನಮ್ಮ ಕನ್ನಡದ ಹೆಂಗಸರೂ ಸಾಲಿನಲ್ಲಿದ್ದರು.

‘ನಮ್ಮಪ್ಪಗ ಕನ್ನಡ ಅಕ್ಷರ ಬರ್ತಿರಲಿಲ್ರಿ. ಒಂದು ಕಾಗದಕ್ಕೆ ಹತ್ತು ಬಾಗಿಲು ತಿರುಗಿದರು. ಆ ತಿರುಗಾಟ ಯಾರಿಗೂ ಬ್ಯಾಡ’ ಎಂದರು ಟೀಚರು. ಅವರ ಮಾತಿನಲ್ಲಿ ಎಷ್ಟು ವರ್ಷದ ನೋವಿದೆ! ಸಿಂಧನೂರಿನ ಕೆಲವರ ಕೈಗೆ ಪೌರತ್ವದ ಪತ್ರ ಬಂದದ್ದು 2024ರಲ್ಲಿ. ಅವರಲ್ಲಿ ಹೆಚ್ಚಿನವರು ನಾಮಶೂದ್ರರು. ಬಂಗಾಳದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ತಮ್ಮನ್ನು ಇಲ್ಲಿಯೂ ಹಾಗೆಯೇ ಗುರುತಿಸಬೇಕೆಂಬುದು ಅವರ ಬಹುಕಾಲದ ಅಹವಾಲು. ಭೂಮಿ ಸಿಕ್ಕಿತೆಂದ ಮಾತ್ರಕ್ಕೆ ಎಲ್ಲವೂ ಸಿಕ್ಕಂತಲ್ಲ ಎಂದು ನನಗೆ ಆವತ್ತು ತಿಳಿಯಿತು.

ಹೊರಡುವಾಗ ನರ್ಸಮ್ಮನ ಅತ್ತೆ ಒಂದು ಹೊದಿಕೆ ತೋರಿಸಿದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಸಣ್ಣ ಓಟದ ಹೊಲಿಗೆ ಹಾಕಿದ ‘ಕಾಂಥಾ’. ‘ಅಯ್ಯ, ಇದು ನಮ್ಮ ಕೌದಿ!’ ಎಂದೆ. ಆಕೆಗೆ ಕನ್ನಡ ಅಷ್ಟಕ್ಕಷ್ಟೇ. ಆದರೆ ನನ್ನ ಬೆರಳು ಹೊಲಿಗೆಯ ಮೇಲೆ ಓಡಿದ್ದು ನೋಡಿ ನಕ್ಕರು.

ಈಗ ಇಬ್ಬರೂ ಕೂಡಿ ಮೊಮ್ಮಗನಿಗೊಂದು ಹೊದಿಕೆ ಹೊಲಿಯುತ್ತಿದ್ದೇವೆ. ಅಂಚು ಅವರದು, ನಡುವಿನ ಚೌಕ ನನ್ನದು. ನಿಮ್ಮೂರಿನ ಅಂಚಿನಲ್ಲೂ ಹೀಗೆ ಬಂದು ನೆಲೆಸಿದವರು ಇರಬಹುದು. ಮುಂದಿನ ಹಬ್ಬಕ್ಕೆ ಒಂದು ಡಬ್ಬಿ ಹಿಡಿದು ಹೋಗಿ ಬನ್ನಿ. ಡಬ್ಬಿ ಖಾಲಿ ಮರಳುವುದಿಲ್ಲ.